ತಿದ್ದುಪಡಿಯ ಕಾರಣ

ಓಲೆಗರಿಯ ಗ್ರಂಥಗಳನ್ನು ಪರಿಶೋಧಿಸಿದವರಿಗೆ ಒಂದು ಕ್ಲೇಶವು ಚೆನ್ನಾಗಿ ಗೊತ್ತು. ಒಂದು ಪ್ರತಿಯಲ್ಲಿ ಒಂದು ಪಾಠ, ಮತ್ತೊಂದರಲ್ಲಿ ಬೇರೊಂದು. ತಿದ್ದಿದವನಾರು, ಯಾವಾಗ ತಿದ್ದಿದನು, ಕೈತಪ್ಪಿನಿಂದಲೋ ಬುದ್ಧಿಪೂರ್ವಕವಾಗಿಯೋ ಎಂದು ಕೇಳಿದರೆ ಓಲೆಯು ಮೌನವಾಗಿರುತ್ತದೆ. ಲಿಪಿಕಾರರಲ್ಲಿ ಅನೇಕರು ತಾವು ಕಂಡಂತೆಯೇ ಬರೆದಿರುವುದಾಗಿಯೂ ದೋಷವು ತಮ್ಮದಲ್ಲವೆಂದೂ ಗ್ರಂಥಾಂತ್ಯದಲ್ಲಿ ಹೇಳಿ ಕೈತೊಳೆದುಕೊಂಡಿರುವರು. ಪಾಠಶಾಲೆಯಲ್ಲಿ ಪಾಠಭೇದಗಳ ನಡುವೆ ಬೆಳೆದ ನನಗೆ, ತಂತ್ರಾಂಶವನ್ನು ಬರೆಯುವವರು ಈ ಕ್ಲೇಶಕ್ಕೆ ಪರಿಹಾರವನ್ನು ಕಂಡುಕೊಂಡಿರುವರೆಂದು ಕೇಳಿ ಕುತೂಹಲವುಂಟಾಯಿತು. ಹೇಳಿದವನು ಬೆಂಗಳೂರಿನಲ್ಲಿ ಆ ವೃತ್ತಿಯಲ್ಲಿರುವ ನನ್ನ ಸೋದರಳಿಯ.

ಆ ಸಾಧನಕ್ಕೆ ಗಿಟ್ ಎಂದು ಹೆಸರು. ಲಿನಕ್ಸಿನ ಮೂಲಕರ್ತರಾದ ಲೀನಸ್ ಟೋರ್ವಾಲ್ಡ್ಸ್ ಎಂಬವರು ಇದನ್ನು 2005ರ ಏಪ್ರಿಲಿನಲ್ಲಿ ಆರಂಭಿಸಿದರು. ಈ ಜಾತಿಯ ಸಾಧನವೊಂದು 1972ರಲ್ಲಿಯೇ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ್ದಿತು. ಹಳೆಯ ಬರೆಹವನ್ನು ಅಳಿಸದೆ, ತಿದ್ದಿದವರ ಹೆಸರು, ಕಾಲ, ಟಿಪ್ಪಣಿಗಳೊಡನೆ ಹೊಸದನ್ನು ಅದರ ಮುಂದೆ ಜೋಡಿಸಿಡುವುದೇ ಇದರ ಕೆಲಸ. ಹೀಗೆ ಜೋಡಿಸಿದ ಒಂದೊಂದನ್ನೂ ಕಮಿಟ್ ಎನ್ನುವರು. ಪ್ರತಿಯೊಂದಕ್ಕೂ ಸಾಮಾನ್ಯವಾಗಿ 40 ಅಕ್ಷರಗಳ ಗುರುತುಂಟು. ಅದನ್ನು ಗಣಿಸುವಾಗ ಹಿಂದಿನ ಕಮಿಟ್ಟಿನ ಗುರುತೂ ಲೆಕ್ಕಕ್ಕೆ ಸೇರುವುದರಿಂದ, ಹಿಂದೆಲ್ಲಿಯೋ ಒಂದಕ್ಷರ ವ್ಯತ್ಯಾಸವಾದರೂ ಮುಂದಿನ ಗುರುತುಗಳೆಲ್ಲ ಬದಲಾಗುವುವು. ಪದಗಳನ್ನು ಹಿಂದುಮುಂದಾಗಿ ಹೆಣೆದು ಹೇಳಿ ವೇದವನ್ನು ಕಾಪಾಡಿದ ಘನಪಾಠಿಗಳು ಇಲ್ಲಿ ನೆನಪಿಗೆ ಬರುತ್ತಾರೆ.

ದೋಷವನ್ನು ಹುಡುಕುವ ಕ್ರಮವೂ ಸೊಗಸಾದುದು. ಸಾವಿರ ಕಮಿಟ್ಟುಗಳಲ್ಲಿ ಎಲ್ಲಿಯೋ ದೋಷವು ಹೊಕ್ಕಿದ್ದರೆ, ನಟ್ಟನಡುವಿನದನ್ನು ಮೊದಲು ಪರೀಕ್ಷಿಸುವುದು. ಅಲ್ಲಿ ದೋಷವಿದ್ದರೆ ಹಿಂದಿನ ಅರ್ಧವನ್ನು, ಇಲ್ಲದಿದ್ದರೆ ಮುಂದಿನ ಅರ್ಧವನ್ನು ಹಿಡಿಯುವುದು. ಹೀಗೆ ಹತ್ತು ಪರೀಕ್ಷೆಗಳಲ್ಲಿ ಅಪರಾಧಿಯು ಸಿಕ್ಕುತ್ತದೆ. ಆದರೆ ಒಂದೇ ಕಮಿಟ್ಟಿನಲ್ಲಿ ಹತ್ತು ಕೆಲಸಗಳನ್ನು ತುರುಕಿದ್ದರೆ ಸಿಕ್ಕಿಯೂ ಸಿಕ್ಕದಂತೆಯೇ ಸರಿ.

ಎಲ್ಲವನ್ನೂ ಸಾಧನವೇ ಮಾಡುವುದಾದರೆ ಮನುಷ್ಯನಿಗೇನು ಕೆಲಸವೆಂದು ಶಂಕೆ ಹುಟ್ಟಬಹುದು. ಸಮಾಧಾನವಿಂತು: ಹೆಸರನ್ನೂ ಕಾಲವನ್ನೂ ಸಾಧನವು ತಾನೇ ಬರೆದುಕೊಳ್ಳುತ್ತದೆ, ಕಾರಣವನ್ನು ಬರೆಯತಕ್ಕವನು ಮನುಷ್ಯನು. ಸೋದರಳಿಯನು ಕೆಲಸ ಮಾಡುತ್ತಿದ್ದ ಹಣಪಾವತಿಯ ತಂತ್ರಾಂಶವೊಂದರಲ್ಲಿ ನಿಷ್ಪ್ರಯೋಜಕವೆಂದು ತೋರುವ ಸಾಲೊಂದಿತ್ತು. ಅದರ ಟಿಪ್ಪಣಿಯು ‘ಸರಿಪಡಿಸಿದೆ’ ಎಂಬ ಒಂದೇ ಮಾತು. ಬರೆದವರು ಕೆಲಸ ಬಿಟ್ಟು ವರ್ಷಗಳಾಗಿದ್ದುವು. ಹೊಸದಾಗಿ ಸೇರಿದ ಹುಡುಗನೊಬ್ಬನು ಆ ಸಾಲನ್ನು ತೆಗೆದನು. ಉತ್ತರವು ತಡವಾದಾಗ ಅದೇ ಹಣವು ಎರಡನೆಯ ಸಲ ಹೋಗದಂತೆ ತಡೆಯುತ್ತಿದ್ದುದು ಆ ಸಾಲೇ ಎಂಬುದು ಗಿರಾಕಿಗಳ ದೂರುಗಳಿಂದ ತಿಳಿಯಿತು. ಹುಡುಗನು ಎಲ್ಲರೆದುರಿಗೆ ಮಾತು ಕೇಳಬೇಕಾಯಿತು.

ಪ್ರತಿ ಸಾಲನ್ನೂ ಕಡೆಯಲ್ಲಿ ತಿದ್ದಿದವರಾರೆಂದು ತೋರಿಸುವ ಆಜ್ಞೆಗೆ ಗಿಟ್ಟಿನಲ್ಲಿ ಬ್ಲೇಮ್, ಅಂದರೆ ನಿಂದೆ, ಎಂದು ಹೆಸರಿಟ್ಟಿರುವರು. ಕಾರಣವನ್ನು ಬರೆದಿದ್ದರೆ ಆ ಆಜ್ಞೆಯೇ ಹುಡುಗನಿಗೆ ಉಪದೇಶವಾಗುತ್ತಿತ್ತು. ಬರಿಯ ಹೆಸರು ಮಾತ್ರ ಉಳಿದುದರಿಂದ ನಿಂದೆಯೇ ಆಯಿತು.

ಈಚೆಗೆ ಸಾಲುಗಳನ್ನೂ ಟಿಪ್ಪಣಿಯನ್ನೂ ಯಂತ್ರವೇ ಬರೆದುಕೊಡುತ್ತದೆ. ಏನು ಬದಲಾಯಿತೆಂಬುದನ್ನು ಅದು ಅಚ್ಚುಕಟ್ಟಾಗಿ ಹೇಳಬಲ್ಲುದು. ಯಾರ ಯಾವ ತೊಂದರೆಗಾಗಿ ಬದಲಾಯಿತು, ಯಾವ ಮಾರ್ಗಗಳನ್ನು ಯೋಚಿಸಿ ಕೈಬಿಟ್ಟೆವು ಎಂಬುದನ್ನು ಮಾಡಿಸಿದವನು ಹೇಳದಿದ್ದರೆ ಅದಕ್ಕೆ ತಿಳಿಯುವ ಬಗೆಯೆಂತು? ಬರೆಯುವ ಶ್ರಮವು ಕಡಮೆಯಾದಷ್ಟೂ ಕಾರಣವನ್ನು ಹೇಳುವ ಹೊಣೆಯು ಹೆಚ್ಚುತ್ತದೆ.

ಸೋದರಳಿಯನು ಈಗ ಒಂದು ಸಾಲನ್ನು ತಿದ್ದಿದರೆ ಮೂರು ಸಾಲು ಕಾರಣವನ್ನು ಬರೆಯುತ್ತಾನೆ. ಜೊತೆಯವರು ನಗುವರಂತೆ. ನಗಲಿ. ಭಾಷ್ಯಕಾರರ ನಾಡಿನಲ್ಲಿ ಹುಟ್ಟಿದವನಿಗೆ ಮೂಲಕ್ಕಿಂತ ವ್ಯಾಖ್ಯಾನವು ದೊಡ್ಡದಾಗುವುದು ಹೊಸತೇನೂ ಅಲ್ಲ.