ಠಾಣೆಯ ಮೆಟ್ಟಿಲು

ಉಣ್ಣಲೊಲ್ಲದ ಮಗುವಿಗೆ ‘ಪೊಲೀಸ್ ಬತ್ರ್ ಕಾಣ್’ ಎಂದು ಒಮ್ಮೆಯಾದರೂ ಹೆದರಿಸದ ತಾಯಿ ನಮ್ಮ ಕಡೆ ಇದ್ದಾಳೆಯೇ? ಗುಮ್ಮನ ಜಾಗದಲ್ಲಿ ಪೊಲೀಸಿನವನನ್ನು ಕೂರಿಸಿ ಬಹಳ ಕಾಲವಾಯಿತು. ಅದೇ ಮಗು ಬೆಳೆದು ಹೆಂಗಸಾಗಿ, ಕುತ್ತಿಗೆಯ ಸರ ಹೋಗಿಯೋ ಗಂಡನ ಪೆಟ್ಟು ತಾಳಲಾರದೆಯೋ ಠಾಣೆಯ ಮೆಟ್ಟಿಲು ಹತ್ತುವಾಗ ಕಾಲು ನಡುಗಿದರೆ ಆಶ್ಚರ್ಯವೇನು? ಬೈಂದೂರು, ಗಂಗೊಳ್ಳಿ, ಕುಂದಾಪುರ, ಕೋಟ, ಬ್ರಹ್ಮಾವರ ಎಂದು ನಮ್ಮಲ್ಲಿ ಠಾಣೆಗಳಿಗೇನೂ ಕಡಿಮೆಯಿಲ್ಲ. ಆದರೂ ಜೊತೆಗೊಬ್ಬ ಗಂಡಸು ಬೇಕು, ಅವನಿಗೊಬ್ಬ ಪರಿಚಯದ ಪುಢಾರಿ ಬೇಕು.

ಅದಕ್ಕೇ ನೆರೆಮನೆಯ ಹುಡುಗಿ ಕಾನ್‌ಸ್ಟೇಬಲ್ ಆದಾಗ ನನಗೆ ಖುಷಿಯಾಗಿತ್ತು. ತರಬೇತಿ ಮುಗಿಸಿ ಬಂದವಳನ್ನು ಕೂರಿಸಿ, ಬನ್ಸ್ ಕೊಟ್ಟು, ಏನೇನು ಕಲಿಸಿದರೆಂದು ಕೇಳಿದೆ. ಕವಾಯತು, ಬಂದೂಕು, ಕಾನೂನಿನ ಪಾಠ. ದಸ್ತಗಿರಿ ಮಾಡುವವರ ಎದೆಯ ಮೇಲೆ ಹೆಸರಿನ ಪಟ್ಟಿ ಇರಬೇಕು, ದಸ್ತಗಿರಿ ಪತ್ರಕ್ಕೆ ಸಾಕ್ಷಿಯ ರುಜು ಇರಬೇಕು, ಮನೆಯವರಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯರಿಗೆ ತೋರಿಸಬೇಕು ಎಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಹೇಳಿದ್ದನ್ನು ಮಗ್ಗಿಯ ಹಾಗೆ ಒಪ್ಪಿಸಿದಳು. ಸಾಕ್ಷಿ ಹೇಳಲು ಹೆಂಗಸನ್ನು ಠಾಣೆಗೆ ಕರೆಸುವಂತಿಲ್ಲ, ಆಕೆಯಿರುವಲ್ಲಿಗೇ ಹೋಗಿ ಕೇಳಬೇಕಂತೆ. ವಿಶೇಷ ಕಾರಣವಿಲ್ಲದೆ ಸೂರ್ಯ ಮುಳುಗಿದ ಮೇಲೆ ಹೆಂಗಸನ್ನು ಹಿಡಿಯುವಂತಿಲ್ಲವಂತೆ. ಹಿಡಿಯಲೇಬೇಕಾದರೆ ಮಹಿಳಾ ಅಧಿಕಾರಿ ಮೊದಲೇ ಮ್ಯಾಜಿಸ್ಟ್ರೇಟರ ಅನುಮತಿ ತರಬೇಕಂತೆ. ನಿಮಗೆ ಗೊತ್ತಿತ್ತೇ?

‘ಹಿರಿಯರೇ ತಪ್ಪು ಮಾಡುತ್ತಿದ್ದರೆ ನೀನೇನು ಮಾಡಬೇಕು?’ ಎಂದೆ.

ಬನ್ಸು ಕೈಯಲ್ಲೇ ಉಳಿಯಿತು. ‘ಅದೊಂದ್ ಹೇಳಿ ಕೊಡ್ಲಿಲ್ಲ ಅಕ್ಕ.’

2024ರ ನವೆಂಬರಿನಲ್ಲಿ ಆ ಮಾತು ಮತ್ತೆ ನೆನಪಾಯಿತು. ಹೆಂಗಸೊಬ್ಬರ ದೂರಿನ ಮೇಲೆ ಬ್ರಹ್ಮಾವರ ಠಾಣೆಗೆ ಕರೆತಂದಿದ್ದ ಕೇರಳದ ಕೆಲಸಗಾರನೊಬ್ಬ ಲಾಕಪ್ಪಿನಲ್ಲಿ ಬೆಳಗಿನ ಜಾವ ಕುಸಿದುಬಿದ್ದು ಸತ್ತ. ಎಸ್‌ಐ ಮತ್ತು ಹೆಡ್ ಕಾನ್‌ಸ್ಟೇಬಲ್ ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು. ಸಾವು ಹೇಗಾಯಿತೆಂದು ತೀರ್ಪು ಕೊಡಲು ನಾನು ಯಾರು? ಆದರೆ ಮೀನು ಮಾರುವಲ್ಲಿ, ಬಸ್ಸಿನಲ್ಲಿ ನಡೆದ ಮಾತು ನನ್ನನ್ನು ಕಲಕಿತು. ‘ಅಂಥವನಿಗೆ ಹಾಗೇ ಆಗಬೇಕು’ ಎಂದವರಲ್ಲಿ ಹೆಂಗಸರೇ ಹೆಚ್ಚು. ದೂರು ಕೊಟ್ಟಾಕೆಗೆ ಬೇಕಾಗಿದ್ದದ್ದು ಹೆಣವೇ? ಆಪಾದಿತ ಸತ್ತ ಮೇಲೆ ಆಕೆಯ ಮಾತನ್ನು ಯಾವ ಕೋರ್ಟು ಕೇಳುತ್ತದೆ?

ಅಮಾನತು ಎಂದರೆ ಶಿಕ್ಷೆಯಾಯಿತೆಂದೇ ನಾವು ತಿಳಿಯುತ್ತೇವೆ. ಹಾಗಲ್ಲ, ವಿಚಾರಣೆ ಮುಗಿಯುವ ತನಕ ದೂರ ಇಡುವುದು ಅಷ್ಟೇ. ಆಮೇಲೆ ಇಲಾಖೆಯ ವಿಚಾರಣೆ. ಅದು ಏನಾಯಿತೆಂದು ನಮಗೆ ತಿಳಿಯುವುದೇ ಅಪರೂಪ. ಪತ್ರಿಕೆಯಲ್ಲಿ ಅಮಾನತಿಗೆ ಮುಖಪುಟ, ವಿಚಾರಣೆಯ ಫಲಕ್ಕೆ ಒಳಪುಟವೂ ಇಲ್ಲ. ಮನೆಯ ತಕರಾರನ್ನು ಮನೆಯ ಯಜಮಾನನೇ ತೀರ್ಮಾನಿಸಿದರೆ ಏನಾಗುತ್ತದೆಂದು ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿಯೇ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ, ಪೊಲೀಸರ ಮೇಲಿನ ದೂರು ಕೇಳಲು ಬೇರೆಯೇ ಪ್ರಾಧಿಕಾರ ಬೇಕೆಂದು ಹೇಳಿತು. ಕರ್ನಾಟಕವೂ 2012ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ, ರಾಜ್ಯಕ್ಕೊಂದು, ಜಿಲ್ಲೆಗೊಂದು ಎಂದು ಬರೆಯಿತು. ನಮ್ಮ ಮಹಿಳಾ ಮಂಡಲದಲ್ಲಿ ಕೇಳಿ ನೋಡಿದೆ. ಉಳಿತಾಯದ ಪುಸ್ತಕವನ್ನು ಪೈಸೆ ಬಿಡದೆ ನೋಡುವ ನಮ್ಮವರಲ್ಲಿ ಆ ಪ್ರಾಧಿಕಾರದ ಹೆಸರು ಕೇಳಿದವರು ಒಬ್ಬರೂ ಇರಲಿಲ್ಲ.

ಠಾಣೆಗಳಲ್ಲಿ, ಲಾಕಪ್ಪಿನಲ್ಲೂ, ಸಿಸಿ ಕ್ಯಾಮೆರಾ ಇರಬೇಕೆಂದು 2020ರಲ್ಲಿ ಅದೇ ಕೋರ್ಟು ಆದೇಶಿಸಿದೆ. ಒಳ್ಳೆಯದೇ. 2025ರಲ್ಲಿ ಕಾನ್‌ಸ್ಟೇಬಲ್‌ಗಳ ಹಳೆಯ ಸ್ಲೌಚ್ ಹ್ಯಾಟೂ ಹೋಗಿ ಹೊಸ ಟೋಪಿ ಬಂತು. ನಮ್ಮ ಹುಡುಗಿಗೆ ಚೆನ್ನಾಗಿಯೇ ಒಪ್ಪುತ್ತದೆ. ಆದರೆ ನಡುರಾತ್ರಿ ಲಾಕಪ್ಪಿನಲ್ಲಿ ಯಾರೋ ನರಳಿದರೆ ಎದ್ದು ಹೋಗುವುದು ಕ್ಯಾಮೆರಾವೂ ಅಲ್ಲ, ಟೋಪಿಯೂ ಅಲ್ಲ. ಪಹರೆಗೆ ಕೂತ ಕಿರಿಯವಳೇ. ‘ಸರ್, ಆಸ್ಪತ್ರೆಗೆ ಕರಕೊಂಡು ಹೋಗುವ’ ಎನ್ನಲು ಅವಳಿಗೆ ಧೈರ್ಯ ಬೇಕು. ಹಾಗೆ ಅಂದದ್ದಕ್ಕೆ ಮರುವಾರ ದೂರದ ಬಂದೋಬಸ್ತಿಗೆ ಹಾಕುವುದಿಲ್ಲವೆಂಬ ಭರವಸೆಯೂ ಬೇಕು. ಅದನ್ನು ಕೊಡಬೇಕಾದವರು ಮೇಲಿನವರು.

ಮೊನ್ನೆ ಸಿಕ್ಕಿದ್ದಳು, ರಾತ್ರಿ ಪಾಳಿ ಮುಗಿಸಿ ಕಣ್ಣು ಕೆಂಪಾಗಿತ್ತು. ಹೇಗಿದೆ ಕೆಲಸ ಎಂದೆ. ಲಾಕಪ್ಪಿನಲ್ಲಿ ಯಾರಾದರೂ ಇದ್ದರೆ ಗಂಟೆಗೊಮ್ಮೆ ಹೋಗಿ ನೋಡುತ್ತಾಳಂತೆ, ನೀರು ಕೊಟ್ಟ ಹೊತ್ತನ್ನೂ ಪುಸ್ತಕದಲ್ಲಿ ಬರೆದಿಡುತ್ತಾಳಂತೆ. ‘ಇದನ್ನೆಲ್ಲ ಯಾಕೆ ಬರೀತಿ ಎಂದು ನಗ್ತಾರೆ ಅಕ್ಕ’ ಎಂದು ತಾನೂ ನಕ್ಕಳು. ಬಸ್ಸು ಬಂತು, ಹತ್ತಿ ಹೋದಳು.