ಶ್ರಾವಣಕ್ಕೆ ಬಿಟ್ಟ ಮಾಲ್ಪುರಿ

ಕಲಬುರಗಿಗೆ ನೆಂಟರು ಬಂದರೆ ತೋರಿಸುವ ಜಾಗಗಳು ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಅವೇ: ಶರಣಬಸವೇಶ್ವರರ ಗುಡಿ, ಖ್ವಾಜಾ ಬಂದೇನವಾಜರ ದರ್ಗಾ, ಕೋಟೆ, ಬುದ್ಧವಿಹಾರ. ನೋಡುವುದೆಲ್ಲ ಮುಗಿದು ನೆಂಟರು ಬ್ಯಾಗು ಕಟ್ಟುವ ಹೊತ್ತಿಗೆ ಮನೆಯವರೊಬ್ಬರು ಬಜಾರಿಗೆ ಓಡುತ್ತಾರೆ. ಧಾರವಾಡಕ್ಕೆ ಪೇಡೆ, ಬೆಳಗಾವಿಗೆ ಕುಂದಾ, ಗೋಕಾಕಕ್ಕೆ ಕರದಂಟು ಇದ್ದ ಹಾಗೆ ನಮ್ಮೂರಿಗೆ ಮಾಲ್ಪುರಿ. ಅದನ್ನು ಕಟ್ಟಿಸಿಕೊಡದೆ ಕಳಿಸಿದರೆ ಉಪಚಾರ ಪೂರ್ತಿಯಾದಂತಲ್ಲ.

ಹೆಸರಿನಲ್ಲಿ ಪುರಿ ಇದೆಯೆಂದು ಪೂರಿ ಅಂದುಕೊಳ್ಳಬೇಡಿ. ಉತ್ತರ ಭಾರತದ ಮಾಲ್ಪುವಾ ಹಿಟ್ಟು ಕಲಸಿ ಹೊಯ್ದು ಮಾಡುವ ತಿಂಡಿ. ನಮ್ಮ ಮಾಲ್ಪುರಿಯ ಜೀವಾಳ ಖೋವಾ. ಹಾಲನ್ನು ಕುದಿಸಿ ಕುದಿಸಿ ಗಟ್ಟಿ ಮಾಡಿದ ಖೋವಾವನ್ನು ನಾದಿ, ಕರಿದು, ಸಕ್ಕರೆ ಪಾಕಕ್ಕೆ ಬಿಡುತ್ತಾರೆ. ಅಂಚು ತುಸು ಗರಿ, ನಡುಭಾಗದಲ್ಲಿ ಹಲ್ಲಿಗೆ ಕೆಲಸವೇ ಇಲ್ಲ. ಬಿಸಿಯಾಗಿ ತಿನ್ನಬೇಕೋ, ಒಂದು ರಾತ್ರಿ ಪಾಕದಲ್ಲೇ ಬಿಟ್ಟು ತಿನ್ನಬೇಕೋ ಎಂಬುದರಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿವೆ. ನಾನು ಎರಡೂ ಪಕ್ಷದವಳು.

ಹಾಲನ್ನು ಗಟ್ಟಿ ಮಾಡಿ ಕರಿದು ಸಕ್ಕರೆಗೆ ಹಾಕುವ ಬುದ್ಧಿ ಈ ಭಾಗಕ್ಕೆ ಹೊಸದೇನಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಊಟಕ್ಕೆಂದೇ ಒಂದು ಭಾಗವಿದೆ. ಅದರಲ್ಲಿ ಕ್ಷೀರಪ್ರಾಕಾರ ಎಂಬ ಸಿಹಿ ಬರುತ್ತದೆ. ಒಡೆದ ಹಾಲಿನ ಗಟ್ಟಿಗೆ ಅಕ್ಕಿ ಹಿಟ್ಟು ಸೇರಿಸಿ, ತುಪ್ಪದಲ್ಲಿ ಕರಿದು, ಸಕ್ಕರೆ ಹಿಡಿಸುವುದು. ಅದೇ ಮಾಲ್ಪುರಿ ಎಂದಲ್ಲ. ಆದರೆ ಆ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ನಮ್ಮ ನೆರೆಯ ಊರು. ನನ್ನ ಬಾಯಿ ಚಪಲಕ್ಕೆ ಒಂಬೈನೂರು ವರ್ಷದ ಸಾಕ್ಷಿ ಇದೆಯೆಂದು ನಾನು ಬಹಳ ದಿನ ಸಮಾಧಾನ ಹೇಳಿಕೊಂಡಿದ್ದೆ.

ಹೋದ ವರ್ಷ ಆಷಾಢದ ಕೊನೆಗೆ ಅಪ್ಪನ ರಕ್ತ ಪರೀಕ್ಷೆಯ ಕಾಗದ ಬಂತು. ಅಪ್ಪನಿಗೆ 73. ವೈದ್ಯರು ಮಾತ್ರೆ ಬದಲಿಸಿ, ಕನ್ನಡಕದ ಮೇಲಿಂದ ನೋಡಿ, “ಸಿಹಿ ಬಿಡ್ರಿ, ದಿನಾ ನಡೀರಿ” ಅಂದರು. ಅಪ್ಪ ಗೋಣು ಹಾಕಿದರು. ಯಾವ ಸಿಹಿ ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅವ್ವ ತೀರಿಕೊಂಡು ಆಗ ಮೂರು ವರ್ಷ. ಅಲ್ಲಿಂದ ಅಪ್ಪನ ಸಂಜೆಗಳಿಗೆ ಒಂದು ಕ್ರಮ ಬಂದಿತ್ತು. ಐದೂವರೆಗೆ ಇಸ್ತ್ರಿಯ ಅಂಗಿ ಹಾಕಿಕೊಂಡು ಹಳೆ ಬಜಾರಿಗೆ ಹೋಗುವುದು. ಅಲ್ಲಿ ಅವರ ಗೆಳೆಯ, ನಮಗೆಲ್ಲ ಚಾಚಾ, ಕಾಯುತ್ತಿರುತ್ತಾರೆ. ಇಬ್ಬರೂ ಒಂದೇ ಕಚೇರಿಯಲ್ಲಿ ದುಡಿದು ಒಂದೇ ವರ್ಷ ನಿವೃತ್ತರಾದವರು. ಒಂದು ತಟ್ಟೆ ಮಾಲ್ಪುರಿ, ಎರಡು ಚಮಚ, ಆಮೇಲೆ ಚಹಾ, ಆಮೇಲೆ ಊರ ಸುದ್ದಿ. “ಬಿಡ್ರಿ” ಎನ್ನುವುದು ವೈದ್ಯರಿಗೆ ಸುಲಭ. ಆ ತಟ್ಟೆಯನ್ನು ಎತ್ತಿಟ್ಟರೆ ಐದೂವರೆಗೆ ಇಸ್ತ್ರಿಯ ಅಂಗಿ ಹಾಕಿಕೊಳ್ಳಲು ಅಪ್ಪನಿಗೆ ಏನು ಕಾರಣ ಉಳಿಯುತ್ತದೆ ಎಂಬುದೇ ನನ್ನ ಚಿಂತೆಯಾಗಿತ್ತು.

“ಶ್ರಾವಣ ಪೂರ್ತಿ ನಾನೂ ಮಾಲ್ಪುರಿ ಬಿಡ್ತೀನಿ ಅಪ್ಪಾ” ಅಂದೆ.

ಅಪ್ಪ ಪತ್ರಿಕೆ ಕೆಳಗಿಟ್ಟು ನಕ್ಕರು. “ನೀ ಬಿಡ್ತಿ? ಎಂಟು ದಿನ ತಡಿ, ನೋಡೂಣು.”

ಅಷ್ಟು ಸಾಕಾಯಿತು. ಆರನೆಯ ತರಗತಿಯ ನನ್ನ ಮಗಳು ತನ್ನನ್ನು ತಾನೇ ನ್ಯಾಯಾಧೀಶೆಯಾಗಿ ನೇಮಿಸಿಕೊಂಡು, ಒಂದು ವಹಿಯಲ್ಲಿ ಕಾನೂನು ಬರೆದಳು. ಮುತ್ಯಾನಿಗೆ ವೈದ್ಯರು ಹೇಳಿದ್ದೇ ಕಾನೂನು. ಅವ್ವನಿಗೆ ಮಾಲ್ಪುರಿ ಪೂರ್ತಿ ಬಂದ್, ಪಂಚಮಿಯ ಉಂಡಿಗೆ ಮಾತ್ರ ಮಾಫಿ. ವಾಸನೆ ನೋಡಿದರೆ ತಪ್ಪಲ್ಲ. ಬೇರೆಯವರ ತಟ್ಟೆಯಿಂದ ಮುರಿದ ತುಣುಕೂ ತುಣುಕೇ. ಕೆಳಗೆ ಸಹಿ. ಸುದ್ದಿ ತಿಳಿದು ಚಾಚಾ ಮನೆಗೇ ಬಂದು, ಉರ್ದುವಿನಲ್ಲಿ ಸಹಿ ಹಾಕಿದರು. “ರಂಜಾನಿನಾಗ ನಾವು ಹಗಲೆಲ್ಲ ನೀರೇ ಬಿಡ್ತೀವಿ, ಇದ್ಯಾವ ದೊಡ್ಡ ಮಾತು?” ಅಂದರು. ಅದೇ ರಂಜಾನಿನ ಸಂಜೆಗಳಲ್ಲಿ ಅವರ ಮನೆಯಿಂದ ನಮ್ಮ ಮನೆಗೆ ಬರುವ ಡಬ್ಬಿಯಲ್ಲಿ ಏನಿರುತ್ತದೆ ಎಂದು ನಾನು ಯಾರಿಗೂ ನೆನಪು ಮಾಡಲಿಲ್ಲ.

ಇಷ್ಟವಾದದ್ದನ್ನು ಬಿಡುವುದು ನಮ್ಮ ಕಡೆ ಹಳೆಯ ಅಭ್ಯಾಸ. ಕಾಶಿಗೆ ಹೋದವರು ಒಂದು ಹಣ್ಣನ್ನೋ ಕಾಯಿಪಲ್ಯವನ್ನೋ ಅಲ್ಲೇ ಬಿಟ್ಟು ಬರಬೇಕು, ಮತ್ತೆ ಜನ್ಮದಲ್ಲಿ ಮುಟ್ಟಬಾರದು. ಜಾಣರು ಹಾಗಲಕಾಯಿ ಬಿಟ್ಟು ಬರುತ್ತಾರೆ. ನಮ್ಮ ಆಯಿ ಬಿಟ್ಟದ್ದು ಸೀತಾಫಲ, ಅವಳಿಗೆ ಪ್ರಾಣವಾಗಿದ್ದ ಹಣ್ಣು. ಪ್ರತಿ ಸುಗ್ಗಿಗೆ ಬುಟ್ಟಿಗಟ್ಟಲೆ ಕೊಂಡು, ಹಣ್ಣಾಗಿವೆಯೇ ಎಂದು ಒಂದೊಂದನ್ನೇ ಒತ್ತಿ ನೋಡಿ, ಮೊಮ್ಮಕ್ಕಳಿಗೆಲ್ಲ ಹಂಚಿ, ಕೈ ತೊಳೆದುಕೊಳ್ಳುತ್ತಿದ್ದಳು. ಪಕ್ಕದ ಮನೆಯ ಮಾಧ್ವರದು ಚಾತುರ್ಮಾಸ್ಯ. ಒಂದು ತಿಂಗಳು ಕಾಯಿಪಲ್ಯ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಕೊನೆಯ ತಿಂಗಳು ಬೇಳೆಕಾಳು ಬಿಡುತ್ತಾರೆ. ತೊಗರಿಯ ನಾಡಿನಲ್ಲಿ ಕುಳಿತು ತೊಗರಿ ಬೇಳೆ ಬಿಡುವವರ ಮುಂದೆ ನನ್ನದು ಎಷ್ಟರ ವ್ರತ! ಆ ಮನೆಯ ಕಾಕು ಮಾತ್ರ ನನಗೆ ಒಂದು ಬುದ್ಧಿ ಹೇಳಿದರು: “ಹಾಲಿನ ತಿಂಗಳದಾಗ ಹಿಡೀಬೇಕಿತ್ತು. ಖೋವಾ ತಾನೇ ಬಿಟ್ಟು ಹೋಗ್ತಿತ್ತು.” ಅಪ್ಪ ಇನ್ನೂ ಹಿಂದಕ್ಕೆ ಹೋದರು. 1965ರಲ್ಲಿ ಧಾನ್ಯದ ಕೊರತೆ ಬಿದ್ದಾಗ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ದೇಶವನ್ನು ಕೇಳಿದ್ದರು. ಸೋಮವಾರ ರಾತ್ರಿ ನಮ್ಮ ಮನೆಯಲ್ಲೂ ಒಲೆ ಹೊತ್ತುತ್ತಿರಲಿಲ್ಲವಂತೆ.

ಮೊದಲ ವಾರ ಕಷ್ಟವಾದದ್ದು ನಾಲಿಗೆಗಲ್ಲ, ಕಾಲಿಗೆ. ಐದೂವರೆಗೆ ಕಾಲು ತಾನಾಗಿ ಬಜಾರಿನ ಕಡೆ ತಿರುಗುತ್ತಿತ್ತು. ಅದಕ್ಕೆ ಮಗಳು ಒಂದು ತಿದ್ದುಪಡಿ ತಂದಳು: ಅಂಗಿ ಇಸ್ತ್ರಿಯದೇ ಇರಲಿ, ಚಾಚಾ ಇರಲಿ, ಹೊತ್ತೂ ಅದೇ ಇರಲಿ, ದಾರಿ ಮಾತ್ರ ಬೇರೆ. ಹಾಗಾಗಿ ನಾಲ್ವರೂ ಊರು ಸುತ್ತತೊಡಗಿದೆವು. ನಲವತ್ತು ವರ್ಷ ಈ ಊರಲ್ಲಿ ಇದ್ದೂ ನಾನು ನೆಂಟರನ್ನು ಕರೆದುಕೊಂಡಲ್ಲದೆ ಕೋಟೆಗೆ ಹೋದವಳಲ್ಲ.

ಕೋಟೆಯ ಒಳಗಿನ ಜಾಮಿ ಮಸೀದಿ 1367ರದು. ಸಾಮಾನ್ಯವಾಗಿ ಮಸೀದಿಗಳಿಗೆ ನಡುವೆ ಬಯಲು ಅಂಗಳವಿರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಇಡೀ ಕಟ್ಟಡಕ್ಕೆ ಮೇಲೆ ಗುಮ್ಮಟಗಳ ಮುಚ್ಚಿಗೆ. ಒಳಗೆ ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಮತ್ತೊಂದು. ಮಗಳು ಎಣಿಸಲು ಹೊರಟು ಮೂರು ಸಲ ಲೆಕ್ಕ ತಪ್ಪಿದಳು. ಚಾಚಾ ಅಲ್ಲಿ ದನಿ ತಗ್ಗಿಸಿ ಮಾತಾಡುತ್ತಾರೆ, ಹೊರಗೆ ಬಂದೊಡನೆ ಮತ್ತೆ ಜೋರು. ಬುರುಜಿನ ಮೇಲಿನ 29 ಅಡಿ ಉದ್ದದ ತೋಪನ್ನು ಅಪ್ಪ ಹೆಜ್ಜೆ ಹಾಕಿ ಅಳೆದರು. ವೈದ್ಯರು ಹೇಳಿದ ನಡಿಗೆಗೆ ಇದೂ ಸೇರಲಿ ಎಂದರು.

ಶ್ರಾವಣ ಸೋಮವಾರ ಶರಣಬಸವೇಶ್ವರರ ಗುಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂದು ದರ್ಶನ ಮಾಡಿ ಅಪ್ಪನ ಕೆರೆಯ ಕಡೆ ಹೋಗಿ ಕೂರುತ್ತಿದ್ದೆವು. “ಅಪ್ಪನ ಕೆರೆ ಅಂದ್ರ ನಿನ್ನ ಅಪ್ಪಂದೇನು?” ಎಂದು ಮಗಳು ಕೇಳಿದಳು. “ಹೌದು, ನಿನ್ನ ಮುತ್ಯಾನ ಹೆಸರಿಗೆ ಪಹಣಿ ಅದ” ಅಂದರು ಚಾಚಾ.

ಮೂರನೆಯ ಭಾನುವಾರ ಅಪ್ಪ ತಾವಾಗಿಯೇ ಹೇಳಿದರು: “ಕಮಲಾಪುರಕ್ಕ ಹೋಗಿ ಬರೂಣು.”

ಕಮಲಾಪುರದ ಹತ್ತಿರ ಅವ್ವನ ತವರು. ತವರಿಗೆ ಹೋಗಿ ಬರುವಾಗಲೆಲ್ಲ ಅವಳ ಚೀಲದಲ್ಲಿ ಕೆಂಪು ಬಾಳೆಹಣ್ಣು ಇರುತ್ತಿತ್ತು. ಅವಳು ಹೋದಮೇಲೆ ಅಪ್ಪ ಆ ದಾರಿ ಹಿಡಿದಿರಲಿಲ್ಲ. ಯಾಕೆ ಈಗ ಎಂದು ನಾನು ಕೇಳಲಿಲ್ಲ. ಸುಮಾರು 38 ಕಿ.ಮೀ., ಹುಮನಾಬಾದ್ ಕಡೆಯ ಬಸ್ಸು. ನನಗೂ ಮಗಳಿಗೂ ಆಧಾರ್ ಕಾರ್ಡು ತೋರಿಸಿದರೆ ಸೊನ್ನೆ ಟಿಕೆಟ್ಟು. ಹಿರಿಯರಿಬ್ಬರೂ ನೀ ಕೊಡು ನಾ ಕೊಡು ಎಂದು ಮಹಾಗಾಂವದವರೆಗೆ ಜಗಳಾಡಿದರು.

ಎರಡೂ ಕಡೆ ಕರಿಮಣ್ಣಿನ ಹೊಲ. ಮಳೆಗೆ ತೊಗರಿ ಮೊಣಕಾಲೆತ್ತರ ಬಂದಿತ್ತು, ಹೂವಿಗೆ ಇನ್ನೂ ಕಾಲವಿತ್ತು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಬಂದಿದೆ. ಅಂದರೆ ಈ ಹೆಸರು ಈ ನೆಲದ ಬೆಳೆಗೆ ಮಾತ್ರ ಸಲ್ಲಬೇಕು. ಕಮಲಾಪುರದ ಕೆಂಪು ಬಾಳೆಗೂ ಅಂಥದೇ ಮಾನ್ಯತೆ ಇದೆ. ಒಂದೇ ಜಿಲ್ಲೆಯಲ್ಲಿ ಹೀಗೆ ಎರಡು ಬೆಳೆ. ಕಮಲಾಪುರ ಸಮೀಪಿಸಿದಂತೆ ನೆಲದ ಬಣ್ಣ ಕೆಂಪಿಗೆ ತಿರುಗುತ್ತದೆ, ದಾರಿ ತಗ್ಗಿಗೆ ಇಳಿಯುತ್ತದೆ, ಸುತ್ತ ದಿಣ್ಣೆಗಳು ಏಳುತ್ತವೆ. 2017ರಲ್ಲಿ ಶುರುವಾದ ಬೀದರ್ ರೈಲು ಮಾರ್ಗ ಇಲ್ಲೇ ಮರಗುತ್ತಿಯ ಬಳಿ ಗುಡ್ಡ ಕೊರೆದು ಸುರಂಗದಲ್ಲಿ ಹಾಯುತ್ತದೆ. ಬಯಲುಸೀಮೆಯ ಮಕ್ಕಳಿಗೆ ಸುರಂಗ ಎಂದರೆ ದೊಡ್ಡ ಸಂಗತಿ. ಬರುವಾಗ ರೈಲಿನಲ್ಲೇ ಬರೋಣ ಎಂದು ಮಗಳು ಹಠ ಹಿಡಿದಳು. ಆ ಸುರಂಗ ಊರಿನ ಆ ಕಡೆ, ಬೀದರ್ ದಿಕ್ಕಿಗೆ ಎಂದು ತಿಳಿದ ಮೇಲೆ ಮುಖ ಸಣ್ಣದು ಮಾಡಿದಳು.

ಕಮಲಾಪುರ ಈಗ ತಾಲ್ಲೂಕು ಕೇಂದ್ರ. ರಸ್ತೆ ಬದಿಯಲ್ಲಿ ಗೋಣಿಚೀಲ ಹಾಸಿ ಹಣ್ಣು ಇಟ್ಟುಕೊಂಡಿದ್ದ ಹಿರಿಯರೊಬ್ಬರ ಬಳಿ ನಿಂತೆವು. ಏಲಕ್ಕಿ ಬಾಳೆ ನೋಡಿದ ಕಣ್ಣಿಗೆ ಈ ಹಣ್ಣು ದಪ್ಪ, ತೂಕ. ಸಿಪ್ಪೆ ಕಾಯಿಯಿರುವಾಗ ಕಡುಗೆಂಪು, ಹಣ್ಣಾದಾಗ ಕೇಸರಿಯ ಛಾಯೆ. ಒಳಗೆ ಕೆನೆಬಣ್ಣ. ಇದಕ್ಕೆ ಶ್ರೀಮಂತರ ಹಣ್ಣು ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಬೇರೆ ಬಾಳೆ ವರ್ಷದೊಳಗೆ ಗೊನೆ ಕೊಟ್ಟರೆ ಇದಕ್ಕೆ ಸುಮಾರು 18 ತಿಂಗಳು ಬೇಕು. ಅಷ್ಟು ದಿನ ಗೊಬ್ಬರ, ನೀರು, ಗಾಳಿಗೆ ಬೀಳದಂತೆ ಕಾವಲು.

“ಮಂದಿ ಕಬ್ಬು ಹಚ್ಚಲಿಕತ್ತಾರ್ರಿ” ಅಂದರು ಆ ಹಿರಿಯರು. “ಒಂದೂವರಿ ವರ್ಷ ಯಾರು ಕಾಯ್ತಾರ? ನಡುವ ಒಂದು ಬಿರುಗಾಳಿ ಬಂದ್ರ ಎಲ್ಲಾ ಮುಗೀತು.”

“ನೀವೂ ಬಿಟ್ಟೀರೇನು?” ಅಪ್ಪ ಕೇಳಿದರು.

“ಹೊಲದಾಗ ಬಿಟ್ಟೀನ್ರಿ. ಹಿತ್ತಲದಾಗ ಇಪ್ಪತ್ತು ಗಿಡ ಅವ. ಅವನ್ನ ನಮ್ಮ ಮುತ್ಯಾ ಹಚ್ಚಿದ ಗಡ್ಡಿಯಿಂದಲೇ ತೆಗೀತಾ ಬಂದೀನಿ. ಅದನ್ನೂ ಬಿಟ್ರ ಮುಂದ ಗಡ್ಡಿ ಎಲ್ಲಿಂದ ತರೂದು?”

ಬಾಳೆಗೆ ಬೀಜವಿಲ್ಲ. ತಾಯಿ ಗಿಡದ ಬುಡದ ಮರಿಯೇ ಮುಂದಿನ ಗಿಡ. ಒಂದು ಊರಿನವರೆಲ್ಲ ಒಟ್ಟಿಗೆ ಬಿಟ್ಟರೆ ಆ ಊರಿನ ಹಣ್ಣು ಅಲ್ಲಿಗೆ ನಿಂತುಹೋಗುತ್ತದೆ. ನಾವು ಬಿಟ್ಟ ಮಾಲ್ಪುರಿ ಅಮಾವಾಸ್ಯೆ ಕಳೆದ ಮೇಲೂ ಬಜಾರಿನಲ್ಲಿ ಇರುತ್ತದೆ. ಈ ಹಣ್ಣಿಗೆ ಆ ಭರವಸೆ ಇಲ್ಲ. ಇದನ್ನು ಮಗಳಿಗೆ ವಿವರಿಸುತ್ತಿದ್ದಾಗ ಅವಳು ಆ ಹಿರಿಯರನ್ನೇ ಕೇಳಿದಳು, “ಮರಿ ಕೊಡ್ತೀರೇನ್ರಿ?” ಅವರು ನಕ್ಕು, ನಿಮ್ಮ ಮನೆಯಲ್ಲಿ ಅಂಗಳವಿದೆಯೇ ಎಂದರು. ನಮ್ಮದು ಎರಡನೆಯ ಮಹಡಿ. ಚಾಚಾ ಮನೆಗೆ ಹಿತ್ತಿಲಿದೆ. ಬಸ್ಸಿನಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಒಂದು ಮರಿಯನ್ನು ಚಾಚಾ ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದರು.

ಹಣ್ಣಿನ ವಿಷಯಕ್ಕೆ ಮಾತ್ರ ದಾರಿಯುದ್ದ ವಿಚಾರಣೆ ನಡೆಯಿತು. ಬಾಳೆಹಣ್ಣೂ ಸಿಹಿಯಲ್ಲವೇ? ಅಪ್ಪ ವೈದ್ಯರಿಗೆ ಅಲ್ಲಿಂದಲೇ ಫೋನು ಮಾಡಿ ಕೇಳಿದರು. ಅರ್ಧ, ಅದೂ ಬೇರೇನೂ ಹಣ್ಣು ತಿನ್ನದ ದಿನ ಎಂದು ಅಪ್ಪಣೆಯಾಯಿತು. ಅಪ್ಪ ಹಣ್ಣನ್ನು ಸಿಪ್ಪೆಸಮೇತ ಸರಿಯಾಗಿ ಅರ್ಧ ಮುರಿದು ಚಾಚಾನಿಗೆ ಕೊಟ್ಟು, ಮಹಾಗಾಂವದವರೆಗೂ ನಿಧಾನವಾಗಿ ತಿಂದರು. ಕಿಟಕಿಯ ಕಡೆ ತಿರುಗಿಕೊಂಡಿದ್ದರು.

ಅಮಾವಾಸ್ಯೆಯ ಮರುದಿನ ನಾಲ್ವರೂ ಬಜಾರಿಗೆ ಹೋದೆವು. ನ್ಯಾಯಾಧೀಶೆ ವಹಿ ತೆರೆದು, ಎಲ್ಲರೂ ಪಾಸು ಎಂದು ಓದಿದಳು. ಒಂದು ಮಾಲ್ಪುರಿ, ನಾಲ್ಕು ಪಾಲು. ಅಪ್ಪ ತಮ್ಮ ಪಾಲನ್ನು ಮೊಮ್ಮಗಳ ಕಡೆ ಸರಿಸಿ, ಸಕ್ಕರೆ ಹಾಕಬೇಡ ಎಂದು ಚಹಾ ಹೇಳಿದರು. “ನಾಳೆ ಕೋಟಿ ಕಡೆ ಬರ್ತೀಯೋ, ಕೆರಿ ಕಡೆಯೋ?” ಎಂದು ಚಾಚಾನನ್ನು ಕೇಳಿದರು. ಮೊದಲು ಬಾಳೆಗೆ ನೀರು ಹಾಕಬೇಕು ಅಂದರು ಚಾಚಾ. ನನ್ನ ಪಾಲು ನಾನು ತಿಂದೆ. ಬಹಳ ರುಚಿಯಾಗಿತ್ತು.