ಕಿವಿಗೊಪ್ಪುವ ನಾದ

ಮುಐದರ್‌ನ ನಮ್ಮ ಮನೆಯಲ್ಲಿ ಶುಕ್ರವಾರ ಸಂಜೆ ಮಗಳು ಗಿಟಾರ್ ಹಿಡಿದರೆ ನಾವು ಮೌತ್ ಆರ್ಗನ್ ನುಡಿಸುವುದು ವಾಡಿಕೆ. ಕುದುರೆಯ ಸಮೀಪವೇ ತಂತಿ ಮೀಟೆಂದು ಆಕೆಯನ್ನು ಒತ್ತಾಯಿಸುತ್ತಿದ್ದವರು ನಾವೇ. ಅಲ್ಲಿ ಮೀಟಿದರೆ ಮೇಲಿನ ಉಪಸ್ವರಗಳು ಬಲಗೊಂಡು ನಾದ ಹರಿತವಾಗುತ್ತದೆ. ನಟ್ಟನಡುವೆ ಮೀಟಿದರೆ ಮೂಲಸ್ವರದ ಎರಡು, ನಾಲ್ಕು ಪಟ್ಟು ಕಂಪನದ ಉಪಸ್ವರಗಳು ಅಡಗಿ ದುಂಡಗಾಗುತ್ತದೆ. (ನಮ್ಮ ತಂಬೂರಿ ಮಾತ್ರ ಈ ನಿಯಮಕ್ಕೆ ಬಗ್ಗದೆಂದು ಸಿ. ವಿ. ರಾಮನ್ 1921ರಲ್ಲಿಯೇ ಬರೆದಿದ್ದರು. ಅದರ ಬಾಗಿದ ಕುದುರೆಯೂ ನೂಲಿನೆಳೆಯೂ ಅಡಗಬೇಕಾದುದನ್ನೂ ಎಬ್ಬಿಸುತ್ತವೆ.)

“ಅಪ್ಪಾ, ಕಿವಿಗೆ ಚುಚ್ಚುತ್ತದೆ” ಎನ್ನುತ್ತಿದ್ದಳು. ಅಭಿರುಚಿಯ ಭೇದವೆಂದೇ ಬಗೆದಿದ್ದೆವು. ಕಳೆದ ತಿಂಗಳು ಶ್ರವಣ ಪರೀಕ್ಷೆ ಮಾಡಿಸಿದಾಗ, ಎತ್ತರದ ಕಂಪನಗಳಿಗೆ ನಮ್ಮ ಕಿವಿ ಕುಗ್ಗಿರುವುದು ತಿಳಿಯಿತು. ವಯಸ್ಸಿನೊಡನೆ ಮೊದಲು ಮಾಸುವುದು ಆ ಸ್ವರಗಳೇ ಎಂದು ಸಂಘದ ಆರೋಗ್ಯ ಶಿಬಿರಗಳಲ್ಲಿ ಇತರರಿಗೆ ಎಷ್ಟು ಬಾರಿ ಹೇಳಿಲ್ಲ!

ಈಗ ಆಕೆ ತನಗೊಪ್ಪುವೆಡೆಯಲ್ಲಿ ಮೀಟುತ್ತಾಳೆ. ನಾವು ನಾಲಗೆ ತಗ್ಗಿಸಿ, ಗಂಟಲು ತೆರೆದು, ವಾದ್ಯವನ್ನು ಅಂಗೈಗಳಲ್ಲಿ ಮುಚ್ಚಿಕೊಂಡು ಊದುತ್ತೇವೆ. ನಮಗದು ಮಬ್ಬು. ಅಂಗೈ ತೆರೆಯುವ ಆಸೆಯಾದಾಗಲೆಲ್ಲ ಮೊದಲು ಅವಳ ಮುಖ ನೋಡುತ್ತೇವೆ.